ಸೋಪು ಬದಲಿಸುವ ಮೊದಲು ಚರಿಗೆಯ ನೀರು ನೋಡಿ

ಶಿರಸಿಯಿಂದ ಹುಬ್ಬಳ್ಳಿಗೆ ವರ್ಗವಾಗಿ ಬಂದು ಮೂರು ತಿಂಗಳಾಯಿತು, ಅಲ್ಲಿ ಬಟ್ಟಲು ತುಂಬ ನೊರೆ ಕೊಡುತ್ತಿದ್ದ ದಾಡಿ ಸೋಪು ಇಲ್ಲಿ ಮುನಿಸಿಕೊಂಡಿದೆ, ಕುತ್ತಿಗೆಯ ಮೇಲೆ ಕೆಂಪು ಗುಳ್ಳೆಗಳು ಏಳುತ್ತಿವೆ, ಇನ್ನು ಕ್ರೀಮು ಕೊಳ್ಳಲೋ ಡಬ್ಬಿಯ ಫೋಮು ಕೊಳ್ಳಲೋ ಎಂದು ಕೇಳಿದ್ದೀರಿ. ಬಾಡಿಗೆ ಮನೆಗೆ ಬೋರ್‌ವೆಲ್ ನೀರು ಎಂದು ಕೊನೆಯಲ್ಲಿ ಒಂದು ಮಾತು ಸೇರಿಸಿದ್ದೀರಿ. ಉತ್ತರ ಆ ಕೊನೆಯ ಮಾತಿನಲ್ಲೇ ಇದೆ. ಸೋಪನ್ನು ಎಸೆಯಬೇಡಿ.

ನಾನು ಬೆಳೆದದ್ದು ಬೆಟಗೇರಿಯಲ್ಲಿ. ನಮ್ಮ ಓಣಿಯ ಬಾವಿ ನೀರು ಎಷ್ಟು ಸವಳೆಂದರೆ, ನಮ್ಮವ್ವ ಅದರಲ್ಲಿ ತೊಗರಿ ಬೇಳೆ ಬೇಯಲು ಇಡುತ್ತಲೇ ಇರಲಿಲ್ಲ. ಬೇಳೆ ಬೇಯದ ನೀರಿನಲ್ಲಿ ಸೋಪು ಹೇಗೆ ನೊರೆ ಬಿಟ್ಟೀತು ಎಂದು ಬಟ್ಟೆ ಒಗೆಯುವಾಗ ಗೊಣಗುತ್ತಿದ್ದಳು. ಇದನ್ನು ಕೇಳಿಕೊಂಡೇ ದೊಡ್ಡವನಾದ ನಾನು ಹುಬ್ಬಳ್ಳಿಗೆ ಬಂದು ಗೋಕುಲ ರಸ್ತೆಯ ಕಡೆ ಮನೆ ಮಾಡಿದ ಮೇಲೆ ಎರಡು ವರ್ಷ ಸೋಪುಗಳನ್ನೇ ಬೈದುಕೊಂಡು ಕಳೆದೆ. ಬಚ್ಚಲ ಗೂಡಿನಲ್ಲಿ ಅರ್ಧ ಹಿಂಡಿದ ಟ್ಯೂಬುಗಳ ಸಾಲೇ ಇತ್ತು. ಆನ್‌ಲೈನಿನಲ್ಲಿ ತರಿಸಿದ ದುಬಾರಿ ವಿದೇಶಿ ಸೋಪೊಂದನ್ನು ನಕಲಿ ಮಾಲೆಂದು ತೀರ್ಮಾನಿಸಿ ಮಾರಿದವನಿಗೆ ಖಾರವಾಗಿ ಬರೆದೆ. ಪಾಪ, ಆತ ಹಣ ಮರಳಿಸಿದ. ಕಾರ ಹುಣ್ಣಿಮೆ ಕಳೆದು ಮಳೆ ಹಿಡಿದಿದ್ದ ಒಂದು ಬೆಳಿಗ್ಗೆ ಕರೆಂಟು ಹೋಗಿ ಮೋಟರ್ ಓಡಲಿಲ್ಲ. ಕಚೇರಿಗೆ ಹೊತ್ತಾಗಿತ್ತು. ಮಾಳಿಗೆಯಿಂದ ಸುರಿದು ಬಕೆಟ್ಟಿನಲ್ಲಿ ನಿಂತಿದ್ದ ಮಳೆನೀರನ್ನೇ ಒಂದು ಚರಿಗೆ ಕಾಯಿಸಿಕೊಂಡು ಕುಳಿತೆ. ಅದೇ ನಕಲಿ ಸೋಪು ಬಟ್ಟಲು ತುಂಬಿ ಅಂಗೈಗೆ ಇಳಿಯುವಷ್ಟು ಬುರುಗು ಕೊಟ್ಟಿತು. ಮಾರಿದವನಿಗೆ ಕ್ಷಮೆ ಕೇಳಿ ಬರೆದೆ. ಉತ್ತರ ಬರಲಿಲ್ಲ.

ಬೋರ್‌ವೆಲ್ ನೀರಿನಲ್ಲಿ ಕಲ್ಲಿನಿಂದ ಕರಗಿ ಬಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತವೆ. ಬೇಳೆಯ ಪೆಕ್ಟಿನ್ ಅಂಶವನ್ನು ಬಿಗಿಯಾಗಿಸಿ ಅದನ್ನು ಬೇಯಗೊಡದಿರುವುದೂ ಆ ಕ್ಯಾಲ್ಸಿಯಮ್ಮೇ. ಸೋಪು ಬಿದ್ದ ಕೂಡಲೇ ಇವು ಅದನ್ನು ಹಿಡಿದು ಕರಗದ ಜಿಗುಟಾಗಿಸಿಬಿಡುತ್ತವೆ. ಬಕೆಟ್ಟಿನ ಒಳಗೆ ಬೂದು ಬಣ್ಣದ ಪಟ್ಟಿ ಕಟ್ಟುವುದನ್ನು ನೀವು ಈಗಾಗಲೇ ನೋಡಿರುತ್ತೀರಿ. ನೀರಿನ ಪಾಲು ಸಂದಾಯವಾದ ಮೇಲೆ ಉಳಿದ ಸೋಪಷ್ಟೇ ನೊರೆಯಾಗಬೇಕು. ಶಿರಸಿಯ ಲೆಕ್ಕದಲ್ಲೇ ನೀವು ಇಲ್ಲಿಯೂ ಬ್ರಷ್ ತಿರುಗಿಸುತ್ತಿದ್ದೀರಿ. ಉಳಿಯುವುದು ಏನೂ ಇಲ್ಲ. ಆ ತೆಳು ನೊರೆ ಅರ್ಧ ಕೆನ್ನೆ ಮುಗಿಯುವಷ್ಟರಲ್ಲಿ ಒಣಗುತ್ತದೆ, ಬ್ಲೇಡು ಕೂದಲಿನ ಜೊತೆ ಚರ್ಮವನ್ನೂ ಕೆರೆಯುತ್ತದೆ.

ನನ್ನ ಮಾತು ನಂಬಬೇಕಿಲ್ಲ. ಒಂದೇ ಅಳತೆಯ ಎರಡು ಖಾಲಿ ಬಾಟಲಿ ತೆಗೆದುಕೊಂಡು ಒಂದಕ್ಕೆ ಅರ್ಧದಷ್ಟು ಬೋರ್‌ವೆಲ್ ನೀರು, ಇನ್ನೊಂದಕ್ಕೆ ಅಷ್ಟೇ ಕುಡಿಯುವ ನೀರು ಹಾಕಿ. ಎರಡಕ್ಕೂ ನಿಮ್ಮ ಸೋಪಿನ ಹೆರೆದ ಚೂರು ಒಂದೊಂದು ಚಿಟಿಕೆ ಹಾಕಿ ಚೆನ್ನಾಗಿ ಕುಲುಕಿ. ಒಂದರಲ್ಲಿ ನೊರೆ ನಿಂತು ಇನ್ನೊಂದರಲ್ಲಿ ಹಾಲು ಒಡೆದಂತೆ ಕಂಡರೆ ತಪ್ಪು ಯಾರದೆಂದು ಗೊತ್ತಾಯಿತಲ್ಲ.

ದಾಡಿಗೆ ಬೇಕಾದ ನೀರು ಎಷ್ಟು? ಬ್ರಷ್ ನೆನೆಸಿ ನೊರೆ ಎಬ್ಬಿಸಲು ಒಂದು ಲೋಟ, ಕೊನೆಗೆ ಮುಖ ತೊಳೆಯಲು ಇನ್ನೊಂದು. ಸವದತ್ತಿಯ ರೇಣುಕಾಸಾಗರದಿಂದ ಬರುವ ಮಲಪ್ರಭೆಯ ನೀರು ನಿಮ್ಮ ಓಣಿಗೆ ಬಂದ ದಿನ ಒಂದು ಕೊಡ ಪಕ್ಕಕ್ಕಿಟ್ಟುಕೊಂಡರೆ ಮುಂದಿನ ಸರದಿಯವರೆಗೆ ದಾಡಿಯ ಚಿಂತೆ ಇಲ್ಲ. ಇಲ್ಲವೇ ನಾಣ್ಯ ಹಾಕಿ ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕದ ನೀರು ಬಳಸಿ. ಕುಡಿಯುವ ನೀರನ್ನು ಗಡ್ಡಕ್ಕೆ ಸುರಿಯುತ್ತೀರಾ ಎಂದು ಮನೆಯವರು ಕೇಳಿದರೆ ಎರಡು ಲೋಟವನ್ನು ಎತ್ತಿ ತೋರಿಸಿ. ಬೋರ್‌ವೆಲ್ ನೀರನ್ನೇ ಕುದಿಸಿ, ತಣಿಸಿ, ತಳ ಕಲಕದಂತೆ ಮೇಲಿನದನ್ನು ಬಸಿದುಕೊಳ್ಳಬಹುದು. ಪಾತ್ರೆಗೆ ಬಿಳಿ ಸುಣ್ಣ ಕಟ್ಟಿದಷ್ಟು ಗಡಸುತನ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ. ನೀರಿಗೆ ನಿಂಬೆರಸ ಹಿಂಡುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ. ಹುಳಿ ಹೆಚ್ಚಾದರೆ ಸೋಪೇ ಒಡೆಯುತ್ತದೆ.

ಇನ್ನು ಕೊಳ್ಳುವ ಮಾತು. ಸ್ನಾನದ ಸೋಪು ಸೋಡಿಯಂ ಕ್ಷಾರದಿಂದ ಮಾಡಿದ್ದು. ದೊಡ್ಡ ಗುಳ್ಳೆ ಎದ್ದು ಬೇಗ ಸಾಯುತ್ತದೆ, ದಾಡಿಗೆ ಆಗುವುದಿಲ್ಲ. ದಾಡಿ ಸೋಪಿನಲ್ಲಿ ಪೊಟ್ಯಾಸಿಯಂ ಕ್ಷಾರವೂ ಸೇರಿರುತ್ತದೆ, ಸ್ಟಿಯರಿಕ್ ಆಮ್ಲ ಹೆಚ್ಚಿರುತ್ತದೆ. ನೊರೆ ಮೊಸರಿನಂತೆ ದಟ್ಟವಾಗಿ ನಿಲ್ಲುವುದು ಅದರಿಂದ. ಟ್ಯೂಬಿನ ಕ್ರೀಮು ಬೇರೆ ಜಾತಿಯೇನಲ್ಲ. ಅದೂ ಸೋಪೇ, ಬಹುಪಾಲು ಪೊಟ್ಯಾಸಿಯಂ ಸೋಪು, ನೀರು ಮತ್ತು ಗ್ಲಿಸರಿನ್ ಹೆಚ್ಚು ಅಷ್ಟೆ. ಗಡಸು ನೀರಿನಲ್ಲಿ ಕ್ರೀಮಿಗೆ ಒಂದು ಅನುಕೂಲವಿದೆ: ಬೇಕಾದಷ್ಟನ್ನು ಒಮ್ಮೆಗೇ ಬ್ರಷ್ಷಿಗೆ ಹಿಂಡಬಹುದು. ಸೋಪಿನಲ್ಲಾದರೆ ಒದ್ದೆ ಬ್ರಷ್ಷಿನಿಂದ ಅರ್ಧ ನಿಮಿಷಕ್ಕೂ ಹೆಚ್ಚು ಉಜ್ಜಿ ಅಷ್ಟನ್ನು ಎಬ್ಬಿಸಬೇಕು. ಬೆಳಿಗ್ಗೆ ಗಡಿಬಿಡಿ ಇರುವವರು ಕ್ರೀಮು ಕೊಳ್ಳುವುದೇ ಸರಿ. ಗೋದ್ರೆಜ್, ಪಾಮೋಲಿವ್, ಓಲ್ಡ್ ಸ್ಪೈಸ್, ವಿ-ಜಾನ್ ಹೀಗೆ ದುರ್ಗದ ಬೈಲಿನ ಯಾವ ಅಂಗಡಿಯಲ್ಲಾದರೂ ಸಿಗುವ ಟ್ಯೂಬುಗಳ ನಡುವೆ ಆಕಾಶ ಭೂಮಿಯ ಅಂತರವನ್ನು ನಾನು ಕಾಣಲಿಲ್ಲ. ವಾಸನೆ ಹಿಡಿಸಿದ್ದನ್ನು ತನ್ನಿ. ಚಿಕ್ಕ ಬಾದಾಮಿಯಷ್ಟು ಸಾಕು, ಬೋರ್‌ವೆಲ್ ನೀರಾದರೆ ಒಂದೂವರೆ ಬಾದಾಮಿ.

ಚರ್ಮ ಸೂಕ್ಷ್ಮವಾಗಿದ್ದರೆ ಮೆಂಥಾಲ್ ಮತ್ತು ಘಾಟು ಪರಿಮಳ ಇರುವುದನ್ನು ಸದ್ಯಕ್ಕೆ ಬಿಡಿ. ಏಪ್ರಿಲ್ ಬಿಸಿಲಿಗೆ ಮೆಂಥಾಲ್ ಹಿತವೆನ್ನಿಸುತ್ತದೆ ನಿಜ, ಆದರೆ ಆ ತಂಪು ಉರಿಯನ್ನು ಮರೆಮಾಡುತ್ತದೆ, ಕಡಿಮೆ ಮಾಡುವುದಿಲ್ಲ. ಮನೆಯಲ್ಲಿ ಪ್ರಾಣಿಜನ್ಯ ಪದಾರ್ಥ ಬೇಡವೆನ್ನುವವರು ವಿದೇಶಿ ಸೋಪು ಕೊಳ್ಳುವಾಗ ಪದಾರ್ಥಗಳ ಪಟ್ಟಿ ಓದಬೇಕು. ಟ್ಯಾಲೋ ಅಥವಾ ಟ್ಯಾಲೋಯೇಟ್ ಎಂದಿದ್ದರೆ ಅದು ಪ್ರಾಣಿಯ ಕೊಬ್ಬು. ಬ್ರಷ್ಷಿನದೂ ಇದೇ ಕಥೆ: ಹಂದಿ ಕೂದಲಿನದು, ಬ್ಯಾಜರ್ ಎಂಬ ಪ್ರಾಣಿಯ ಕೂದಲಿನದು, ಕೃತಕ ಎಳೆಯದು ಎಂದು ಮೂರು ಬಗೆ ಸಿಗುತ್ತವೆ. ನನ್ನದು ಕೃತಕ. ನೆನೆಸಿ ಕಾಯಬೇಕಿಲ್ಲ, ಧಾರವಾಡದ ಜಡಿಮಳೆಯಲ್ಲೂ ಬೇಗ ಒಣಗುತ್ತದೆ.

ಫೋಮಿನ ವಿಷಯದಲ್ಲಿ ನಿಮ್ಮನ್ನು ಎಚ್ಚರಿಸಬೇಕು, ಏಕೆಂದರೆ ಅದು ಇಲ್ಲಿ ಗೆದ್ದಂತೆ ಕಾಣುತ್ತದೆ. ಗುಂಡಿ ಒತ್ತಿದರೆ ಸಾಕು, ಶಿರಸಿಯಲ್ಲೂ ಗದಗಿನಲ್ಲೂ ಒಂದೇ ನೊರೆ. ಕಾರಣ ಸರಳ: ಅದು ತನ್ನ ನೀರನ್ನು ಕಾರ್ಖಾನೆಯಿಂದಲೇ ಹೊತ್ತು ತಂದಿದೆ, ಐಸೋಬ್ಯುಟೇನಿನಂಥ ಅನಿಲ ಅದನ್ನು ಹೊರಗೆ ಉಬ್ಬಿಸುತ್ತದೆ. ಆದರೆ ಆ ಉಬ್ಬಿನಲ್ಲಿ ಗಾಳಿ ಹೆಚ್ಚು, ನೀರು ಕಡಿಮೆ. ಕೂದಲು ಮೆತ್ತಗಾಗುವುದು ನೀರು ಕುಡಿದು, ಅದಕ್ಕೆ ಎರಡು ಮೂರು ನಿಮಿಷ ಬೇಕು. ಒಣ ಮುಖಕ್ಕೆ ಫೋಮು ಬಳಿದು ಕೂಡಲೇ ರೇಜರ್ ಎಳೆಯುವವರು ಒಣಗಿದ ಜೋಳದ ದಂಟು ಕೊಯ್ಯುತ್ತಿದ್ದಾರೆ. ಫೋಮೇ ಬೇಕೆಂದರೆ ಸ್ನಾನದ ನಂತರ, ಮುಖ ಒದ್ದೆ ಇರುವಾಗಲೇ ಹಚ್ಚಿ, ಬೆರಳಿನಿಂದ ಕೂದಲಿನ ಬುಡಕ್ಕೆ ತಿಕ್ಕಿ, ಹಲ್ಲು ಉಜ್ಜುವಷ್ಟು ಹೊತ್ತು ಬಿಡಿ. ಜೆಲ್ ಇದಕ್ಕಿಂತ ಒಂದು ಕೈ ಮೇಲು. ಎರಡೂ ಡಬ್ಬಿಗಳು ಬೆಂಕಿಗೆ ಹೆದರುವಂಥವು. ಬಿಸಿಲಿಗೆ ನಿಂತ ಕಾರಿನಲ್ಲಿ ಬಿಡಬೇಡಿ. ನಾನು ಒಂದು ಡಬ್ಬಿಯನ್ನು ಪ್ರಯಾಣಕ್ಕೆಂದು ಇಟ್ಟಿದ್ದೇನೆ. ಬಸ್ ಇಳಿದು ಲಾಡ್ಜಿನ ಬಚ್ಚಲಲ್ಲಿ ಯಾವ ನೀರು ಬರುತ್ತದೋ ಯಾರಿಗೆ ಗೊತ್ತು.

ಬ್ರಷ್ ಬೇಡದ, ಕೈಯಿಂದ ಹಚ್ಚುವ ಕ್ರೀಮೂ ಉಂಟು. ಬಾರ್ಬಸಾಲ್ ಎಂಬ ಹೆಸರಿನಲ್ಲಿ ಅಮೆರಿಕದಲ್ಲಿ 1919ರಲ್ಲೇ ಬಂದದ್ದು ಈ ಜಾತಿಯದು. ನೊರೆ ಬರಬೇಕೆಂದೇ ಇಲ್ಲವಾದ್ದರಿಂದ ಗಡಸು ನೀರಿಗೆ ಅಂಜುವುದಿಲ್ಲ, ಆದರೆ ರೇಜರಿನ ಬಾಯಿಗೆ ಮೆತ್ತಿಕೊಳ್ಳುತ್ತದೆ. ನನಗೆ ಹಿಡಿಸಲಿಲ್ಲ.

ಕುತ್ತಿಗೆಯ ಗುಳ್ಳೆಗೆ ಒಂದು ವಾರ ಹೀಗೆ ಮಾಡಿ. ಬೆರಳಾಡಿಸಿ ಕೂದಲು ಯಾವ ಕಡೆ ಮಲಗಿದೆ ಎಂದು ನೋಡಿಕೊಳ್ಳಿ. ಕುತ್ತಿಗೆಯಲ್ಲಿ ಅದು ಕೆನ್ನೆಯಂತೆ ನೇರ ಕೆಳಗೆ ಇರುವುದಿಲ್ಲ, ಹಲವರಿಗೆ ಅಡ್ಡಕ್ಕೂ ಮೇಲಕ್ಕೂ ಹೊರಳಿರುತ್ತದೆ. ಅದು ಮಲಗಿದ ಕಡೆಗೇ ರೇಜರ್ ಎಳೆಯಿರಿ, ಚರ್ಮ ಜಗ್ಗಿ ಹಿಡಿಯಬೇಡಿ, ಒಂದೇ ಜಾಗದಲ್ಲಿ ಎರಡನೆಯ ಸಲ ನೊರೆಯಿಲ್ಲದೆ ಹೋಗಬೇಡಿ. ಕೊನೆಯಲ್ಲಿ ಮುಖ ತೊಳೆಯುವುದೂ ಆ ಎತ್ತಿಟ್ಟ ನೀರಿನಲ್ಲೇ ಆಗಲಿ, ಇಲ್ಲವಾದರೆ ಉಳಿದ ಸೋಪು ಚರ್ಮದ ಮೇಲೆಯೇ ಜಿಗುಟಾಗಿ ಕೂರುತ್ತದೆ. ಪಟಿಕ ಹಚ್ಚಬಹುದು, ಆದರೆ ನಿಮ್ಮದೇ ಆದ ತುಂಡು ಇರಲಿ; ಕಟಿಂಗ್ ಅಂಗಡಿಯಲ್ಲಿ ಹತ್ತು ಮುಖ ಸುತ್ತಿ ಬಂದದ್ದು ಬೇಡ. ಗುಳ್ಳೆಯಲ್ಲಿ ಕೀವು ಕಂಡರೆ ಕೆಲವು ದಿನ ದಾಡಿ ನಿಲ್ಲಿಸಿ ಚರ್ಮದ ವೈದ್ಯರಲ್ಲಿಗೆ ಹೋಗಿ.

ನಿಮ್ಮ ಮನೆಯಲ್ಲೂ ಶ್ರಾವಣದ ತಿಂಗಳಿಡೀ ದಾಡಿ ಮುಟ್ಟದ ಪದ್ಧತಿ ಇದ್ದರೆ, ಅದು ಮುಗಿದ ದಿನ ನೇರವಾಗಿ ಬ್ಲೇಡು ಹಾಕಬೇಡಿ. ಮೊದಲು ಟ್ರಿಮ್ಮರಿನಿಂದಲೋ ಕತ್ತರಿಯಿಂದಲೋ ಗಿಡ್ಡ ಮಾಡಿಕೊಂಡು, ನೊರೆಯನ್ನು ಎರಡು ಸಲ ಹಚ್ಚಿ. ತಿಂಗಳ ಗಡ್ಡಕ್ಕೆ ಫೋಮು ಏನೂ ಮಾಡಲಾರದು.

ಇನ್ನೊಂದು. ಇಲ್ಲಿಗೆ ಬಂದ ಮೂರು ತಿಂಗಳ ಸುಣ್ಣವೆಲ್ಲ ನಿಮ್ಮ ಬ್ರಷ್ಷಿನ ಬುಡದಲ್ಲಿ ಕುಳಿತಿರುತ್ತದೆ. ಎಳೆಗಳು ಒಣಗಿದಾಗ ಬಿರುಸಾಗಿ, ಬಿಳಿಯಾಗಿ ಕಂಡರೆ ಅದೇ. ಒಂದು ಲೋಟ ಬೆಚ್ಚಗಿನ ನೀರಿಗೆ ಎರಡು ಚಮಚ ವಿನೆಗರ್ ಹಾಕಿ, ಎಳೆಗಳಷ್ಟೇ ಮುಳುಗುವಂತೆ ಹತ್ತು ನಿಮಿಷ ನೆನೆಸಿ, ಮೆತ್ತಗೆ ಹಿಸುಕಿ, ಕುಡಿಯುವ ನೀರಿನಲ್ಲಿ ತೊಳೆದು ತಲೆಕೆಳಗಾಗಿ ತೂಗುಹಾಕಿ. ನಾಳೆ ಹಳೆಯ ಸೋಪನ್ನೇ ಆ ಬ್ರಷ್ಷಿನಿಂದ ಉಜ್ಜಿ ನೋಡಿ.