ಕೇಪಿನ ರಿವಾಲ್ವರ್: ಅಸಲೋ, ನಕಲೋ?

ಪ್ರಶ್ನೆ: ನಾನು ಹ್ಯೂಸ್ಟನ್‌ನಲ್ಲಿದ್ದೇನೆ. ಇಲ್ಲಿಯ ಗನ್ ಶೋನಲ್ಲಿ ಒಬ್ಬರು ಹಿತ್ತಾಳೆ ಫ್ರೇಮಿನ, .44 ಬೋರಿನ (ಬೋರು ಎಂದರೆ ನಳಿಗೆಯ ರಂಧ್ರದ ಅಗಲ, ಅಂಗುಲದಲ್ಲಿ) ‘1851 ನೇವಿ’ ಕೋಲ್ಟ್ ರಿವಾಲ್ವರ್ ತೋರಿಸಿ, ಅಮೆರಿಕದ ಅಂತರ್ಯುದ್ಧದ ಕಾಲದ್ದು ಅಂದರು. ನಳಿಗೆಯ ಮೇಲೆ ‘ನೇವಿ ಆರ್ಮ್ಸ್’ ಎಂದಿದೆ. ನಂಬಬಹುದೇ?

ಉತ್ತರ: ನಂಬಬೇಡಿ. ಅದು ನಕಲು ಅನ್ನುವುದಕ್ಕೆ ಬೇಕಾದ ಮೂರು ಸುಳಿವನ್ನೂ ನೀವೇ ಬರೆದಿದ್ದೀರಿ. ಕೋಲ್ಟ್ ಕಂಪನಿ 1851ರ ನೇವಿಯನ್ನು ಮಾಡಿದ್ದು .36 ಬೋರಿನಲ್ಲಿ; .44 ಬೋರಿನ ನೇವಿ ಹುಟ್ಟಿದ್ದು ನಕಲು ಮಾಡುವವರ ಕಾರ್ಖಾನೆಯಲ್ಲಿ. ಅಸಲಿ ನೇವಿಯ ಫ್ರೇಮು ಹಿತ್ತಾಳೆಯದಲ್ಲ. ಅದರಲ್ಲಿ ಹಿತ್ತಾಳೆ ಕಾಣುವುದು ಹಿಡಿಯ ಪಟ್ಟಿಯಲ್ಲಿ, ಟ್ರಿಗರ್ ಗಾರ್ಡಿನಲ್ಲಿ ಅಷ್ಟೆ. ಇನ್ನು ನೇವಿ ಆರ್ಮ್ಸ್ ಎಂಬುದು 1950ರ ದಶಕದ ಕೊನೆಯಲ್ಲಿ ಇಟಲಿಯಿಂದ ಇಂಥ ನಕಲುಗಳನ್ನು ತರಿಸಿ ಮಾರತೊಡಗಿದ ಅಮೆರಿಕನ್ ಕಂಪನಿ.

ಹಿತ್ತಾಳೆ ಫ್ರೇಮಿಗೆ ಚರಿತ್ರೆಯೇ ಇಲ್ಲವೆಂದಲ್ಲ. ಯುದ್ಧಕಾಲದಲ್ಲಿ ಉಕ್ಕಿಗೆ ಬರ ಬಂದಾಗ ಜಾರ್ಜಿಯಾದ ಗ್ರಿಸ್ವೋಲ್ಡ್ ಅಂಡ್ ಗನ್ನಿಸನ್ ಕಾರ್ಖಾನೆ ದಕ್ಷಿಣದ ಸೇನೆಗಾಗಿ ಹಿತ್ತಾಳೆ ಫ್ರೇಮಿನ ರಿವಾಲ್ವರ್ ಮಾಡಿತ್ತು. ಒಟ್ಟು ಸುಮಾರು 3,700, ಅದೂ .36 ಬೋರಿನವು, ನಳಿಗೆಯ ಮುಂಭಾಗ ದುಂಡಗೆ. ನಿಮಗೆ ತೋರಿಸಿದ್ದಕ್ಕೆ ಎಂಟು ಪಟ್ಟಿಯ ನಳಿಗೆ ಇದ್ದರೆ ಆ ಕಥೆಯೂ ಹೊಂದುವುದಿಲ್ಲ. ವರ್ನಿಯರ್ (ಸೂಕ್ಷ್ಮ ಅಳತೆಯ ಉಪಕರಣ) ಇದ್ದರೆ ಸಿಲಿಂಡರಿನ ಕೋಣೆಯ ಬಾಯಿ ಅಳೆಯಿರಿ: .36ಕ್ಕೆ ಸುಮಾರು 9.5 ಮಿ.ಮೀ., .44ಕ್ಕೆ 11.3ರ ಆಸುಪಾಸು. ನಕಲು ಎಂದು ಒಪ್ಪಿಕೊಂಡು ನಕಲಿನ ಬೆಲೆ ಹೇಳಿದರೆ ಕೊಳ್ಳಲು ಅಡ್ಡಿಯಿಲ್ಲ.

ಪ್ರಶ್ನೆ: ಯಾವ ಕಾರ್ಖಾನೆಯದು, ಯಾವ ವರ್ಷದ್ದು ಎಂದು ತಿಳಿಯುವುದು ಹೇಗೆ?

ಉತ್ತರ: ನಳಿಗೆಯ ಮೇಲಿನ ದೊಡ್ಡ ಅಕ್ಷರ ಬಹುಪಾಲು ಆಮದುದಾರನ ಹೆಸರು. ಮಾಡಿದವನ ಗುರುತು ಚಿಕ್ಕದು. ನಳಿಗೆಯ ಕೆಳಗಿರುವ, ಗುಂಡು ಒತ್ತಿ ತುಂಬುವ ಲೋಡಿಂಗ್ ಲಿವರನ್ನು ಕೆಳಗಿಳಿಸಿ ನಳಿಗೆಯ ತಳ ನೋಡಿ. ವಜ್ರಾಕಾರದೊಳಗೆ ‘ಎಫ್‌ಎಪಿ’ ಇದ್ದರೆ ಇಟಲಿಯ ಪಿಯೆಟ್ಟಾ ಕಾರ್ಖಾನೆಯದು. ಎಂಟು ಮೂಲೆಯ ನಳಿಗೆಯ ಅಡ್ಡಸೀಳಿನಂಥ ಚಿತ್ರ ಇಟಲಿಯದೇ ಆದ ಉಬರ್ಟಿಯದು. ‘ಎಎಸ್‌ಎಂ’ ಆರ್ಮಿ ಸ್ಯಾನ್ ಮಾರ್ಕೊ. ‘ಜಿಯು’ ಎಂದು ಕೂಡಿಸಿ ಕೆತ್ತಿದ್ದರೆ ಗ್ರೆಗೊರೆಲ್ಲಿ–ಉಬರ್ಟಿ ಜೋಡಿಯ ಮೊದಮೊದಲ ತಯಾರಿಕೆ. ಈ ಕೊನೆಯದು ಸಿಕ್ಕರೆ ಬಿಡಬೇಡಿ.

ಇಟಲಿಯಲ್ಲಿ ತಯಾರಾದ ಕೋವಿ ಅಲ್ಲಿನ ಗಾರ್ಡೋನೆ ಊರಿನ ಸರ್ಕಾರಿ ಪರೀಕ್ಷೆ ದಾಟಿಯೇ ಹೊರಬೀಳಬೇಕು. ನಕ್ಷತ್ರದ ಕೆಳಗೆ ‘ಪಿಎನ್’ ಎಂದಿದ್ದರೆ ಕರಿಮದ್ದಿಗೆ ಪರೀಕ್ಷಿತ ಎಂದರ್ಥ. ಪಕ್ಕದ ಪುಟ್ಟ ಚೌಕದಲ್ಲಿ ವರ್ಷ ಇರುತ್ತದೆ. ರೋಮನ್ ಅಂಕಿಯಲ್ಲಿ 10 ಎಂದಿದ್ದರೆ 1954, 20 ಎಂದಿದ್ದರೆ 1964, 30 ಎಂದಿದ್ದರೆ 1974. ಆಮೇಲೆ ಜೋಡಿ ಅಕ್ಷರ: ‘ಎಎ’ 1975, ‘ಎಬಿ’ 1976. ಹೀಗೆ ಸಾಗಿ ‘ಎಝಡ್’ 1990, ‘ಬಿಎ’ 1991, ‘ಬಿಎನ್’ 2000, ‘ಸಿಎ’ 2006. ನಡುವೆ ಜಿ, ಜೆ, ಕೆ, ಓ ಮುಂತಾದ ಕೆಲವು ಅಕ್ಷರಗಳನ್ನು ಬಿಟ್ಟಿದ್ದಾರೆ. ಬೆರಳೆಣಿಸುತ್ತ ಹೋದರೆ ಲೆಕ್ಕ ತಪ್ಪುವುದು ಇಲ್ಲೇ.

ಮೋಸ ಮಾಡುವವರು ಮೊದಲು ಅರ ಹಾಕುವುದು ಈ ಗುರುತಿಗೇ. ಟ್ಯೂಬ್‌ಲೈಟಿನ ಕೆಳಗೆ ನಳಿಗೆಯ ಚಪ್ಪಟೆ ಪಟ್ಟಿಯನ್ನು ಓರೆಯಾಗಿ ಹಿಡಿಯಿರಿ. ಬೆಳಕಿನ ಗೆರೆ ನೇರವಾಗಿ ಬರುತ್ತಿದ್ದದ್ದು ಒಂದು ಕಡೆ ಹಳ್ಳಕ್ಕಿಳಿದಂತೆ ಬಾಗಿದರೆ ಅಲ್ಲಿ ಏನನ್ನೋ ಉಜ್ಜಿದ್ದಾರೆ. ಒಂದು ಎಚ್ಚರಿಕೆ: 1971ರಿಂದ ಕೋಲ್ಟ್ ಕಂಪನಿಯೇ ಉಬರ್ಟಿಯ ಬಿಡಿಭಾಗ ತರಿಸಿ ಅಮೆರಿಕದಲ್ಲಿ ಪೂರ್ಣಗೊಳಿಸಿ ಮಾರಿದ ‘ಎರಡನೇ ತಲೆಮಾರಿ’ನ ರಿವಾಲ್ವರುಗಳಲ್ಲಿ ಇಟಲಿಯ ಗುರುತು ಇರುವುದಿಲ್ಲ. ಗುರುತಿಲ್ಲದ ಮಾತ್ರಕ್ಕೆ ಅದು 19ನೇ ಶತಮಾನದ್ದಾಗುವುದಿಲ್ಲ.

ಪ್ರಶ್ನೆ: ಕೊಳ್ಳುವ ಮುಂಚೆ ಬಿಚ್ಚಿ ನೋಡಬೇಕಾದ್ದು ಏನು?

ಉತ್ತರ: ಮೊದಲು ಮದ್ದು ತುಂಬಿದೆಯೇ ನೋಡಿ. ಸಿಲಿಂಡರಿನ ಹಿಂಬದಿಯ ಮೊಳೆಯಂಥ ನಿಪ್ಪಲ್‌ಗಳ ಮೇಲೆ ಕೇಪು (ಹ್ಯಾಮರ್ ಬಡಿದಾಗ ಕಿಡಿ ಕೊಟ್ಟು ಮದ್ದು ಹೊತ್ತಿಸುವ ಪುಟ್ಟ ಲೋಹದ ಟೋಪಿ) ಇರಬಾರದು. ಹ್ಯಾಮರನ್ನು ಅರ್ಧಕ್ಕೆಳೆದು, ಸಿಲಿಂಡರ್ ತಿರುಗಿಸುತ್ತ ಆರೂ ಕೋಣೆಗೆ ಟಾರ್ಚ್ ಬಿಡಿ.

ಕೋಲ್ಟ್ ಮಾದರಿಯಲ್ಲಿ ನಳಿಗೆಯನ್ನು ಹಿಡಿದಿಡುವುದು ಒಂದು ಬೆಣೆ. ಬಿಗಿಯಾಗಿದ್ದರೆ ಮರದ ಇಲ್ಲವೇ ನೈಲಾನ್ ಸುತ್ತಿಗೆಯಿಂದ ಬಲಬದಿಯಿಂದ ತಟ್ಟಿ. ಕಬ್ಬಿಣದ ಸುತ್ತಿಗೆ ಬೇಡ, ಬೆಣೆಯ ತುದಿ ಅಣಬೆಯಂತೆ ಅರಳುತ್ತದೆ. ನಳಿಗೆ ಕಳಚಿದ ಮೇಲೆ ಸಿಲಿಂಡರಿನ ಅಚ್ಚುಕಡ್ಡಿ ಹಿಡಿದು ಅಲ್ಲಾಡಿಸಿ. ಕೂದಲೆಳೆಯಷ್ಟು ಆಡಿದರೂ ಕೊಳ್ಳಬೇಡಿ. ಹಿತ್ತಾಳೆ ಫ್ರೇಮಿನವಲ್ಲಿ ಇದು ಸಾಮಾನ್ಯ: ಹೆಚ್ಚು ಮದ್ದು ಹಾಕಿ ಹೊಡೆದರೆ ಸಿಲಿಂಡರ್ ಹಿಂದಕ್ಕೆ ಬಡಿದು ಮೆತ್ತನೆಯ ಹಿತ್ತಾಳೆಯ ಮೇಲೆ ತನ್ನ ಹಲ್ಲುಗಳ ಅಚ್ಚೊತ್ತುತ್ತದೆ, ಕಡ್ಡಿಯ ತಿರುಪು ಸಡಿಲಾಗುತ್ತದೆ.

ಉಬರ್ಟಿಯವುಗಳಲ್ಲಿ ಇನ್ನೊಂದು ತಕರಾರು. ಅಚ್ಚುಕಡ್ಡಿ ತುಸು ಗಿಡ್ಡ, ನಳಿಗೆಯ ಬುಡದಲ್ಲಿ ಅದು ಕೂರುವ ರಂಧ್ರದ ತಳ ಮುಟ್ಟುವುದಿಲ್ಲ. ಬೆಣೆಯನ್ನು ಜೋರಾಗಿ ಹೊಡೆದರೆ ನಳಿಗೆ ಹಿಂದೆ ಸರಿದು ಸಿಲಿಂಡರ್ ತಿರುಗದೆ ನಿಲ್ಲುತ್ತದೆ. ಇದು ದೋಷವಾದರೂ ರಿಪೇರಿಯಾಗುವಂಥದ್ದು: ರಂಧ್ರದ ತಳಕ್ಕೆ ಸರಿಯಾದ ದಪ್ಪದ ಉಕ್ಕಿನ ಬಿಲ್ಲೆ ಕೂರಿಸಿದರಾಯಿತು. ಸ್ಕ್ರೂಗಳ ತಲೆ ನಜ್ಜುಗುಜ್ಜಾಗಿದ್ದರೆ ಯಾರೋ ಮನೆಯ ಸ್ಕ್ರೂಡ್ರೈವರಿನಿಂದ ಕೈಯಾಡಿಸಿದ್ದಾರೆ. ಒಳಗಿನ ಚಪ್ಪಟೆ ಸ್ಪ್ರಿಂಗುಗಳೂ ನೆಟ್ಟಗಿರುವ ಭರವಸೆ ಇಲ್ಲ.

ಪ್ರಶ್ನೆ: ಮೈಸೂರಿನಲ್ಲಿ ಶೋಕೇಸಿಗೆಂದು ಒಂದನ್ನು ತರಿಸಿಕೊಳ್ಳಬಹುದೇ? ಹೇಗೂ ಹಳೇ ಮಾದರಿಯಲ್ಲವೇ?

ಉತ್ತರ: ಅಮೆರಿಕದ ಫೆಡರಲ್ ಕಾನೂನು ಇಂಥ ನಕಲುಗಳನ್ನೂ ‘ಪುರಾತನ’ ಎಂದೇ ಎಣಿಸುತ್ತದೆ (ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ). ಆ ಲೆಕ್ಕವನ್ನು ಇಲ್ಲಿಗೆ ತರಬೇಡಿ. ಮಲೆನಾಡಿನ ಮನೆಗಳ ಕೇಪಿನ ಕೋವಿಗೂ ಲೈಸೆನ್ಸ್ ಬೇಕಲ್ಲವೇ? ಹಾಗೆಯೇ ಗುಂಡು ಹಾರಿಸಬಲ್ಲ ರಿವಾಲ್ವರ್ ನಿನ್ನೆ ತಯಾರಾದ ನಕಲಾದರೂ ಬಂದೂಕೇ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್ ಕೊಡುವ ವಿನಾಯಿತಿ, ರಿಪೇರಿ ಮಾಡಿದರೂ ಹಾರದಂಥ ಹಳೆಯ ಆಯುಧಕ್ಕೆ.

ಶೋಕೇಸಿಗಾದರೆ ಸ್ಪೇನಿನ ಡೆನಿಕ್ಸ್ ಮಾಡುವಂಥ ಸತುವಿನ ಮಿಶ್ರಲೋಹದ, ಹಾರದ ಮಾದರಿ ಸಾಕು. ನಳಿಗೆಗೆ ಅಯಸ್ಕಾಂತ ಹಿಡಿದು ನೋಡಿ: ಸತುವಾದರೆ ಅಂಟುವುದಿಲ್ಲ. ಅಂಟಿದರೆ ಉಕ್ಕು, ಅಲ್ಲಿಗೇ ನಿಲ್ಲಿಸಿ. ವಿದೇಶದಿಂದ ತರಿಸುವುದಾದರೆ ದುಡ್ಡು ಕಟ್ಟುವ ಮುಂಚೆಯೇ ಕಸ್ಟಮ್ಸ್‌ನಲ್ಲೂ ಜಿಲ್ಲೆಯ ಲೈಸೆನ್ಸ್ ಕಚೇರಿಯಲ್ಲೂ ಬರಹದಲ್ಲಿ ಕೇಳಿ.

ಪ್ರಶ್ನೆ: ಹಳೆಯ ನಕಲೊಂದರ ನೀಲಿ ಬಣ್ಣ ಮಾಸಿದೆ. ಪಾಲಿಶ್ ಮಾಡಿಸಲೇ?

ಉತ್ತರ: ಬೇಡ. ತುಕ್ಕಿದ್ದ ಕಡೆ ಎಣ್ಣೆ ಹಚ್ಚಿ ಒಂದು ದಿನ ಬಿಟ್ಟು ಒರಟು ಬಟ್ಟೆಯಿಂದ ಒರೆಸಿ. ಬಫಿಂಗ್ ಚಕ್ರಕ್ಕೆ ಕೊಟ್ಟರೆ ಪಟ್ಟಿಗಳ ಅಂಚು, ಸಿಲಿಂಡರಿನ ಸುತ್ತ ಕೆತ್ತಿದ ನೌಕಾಯುದ್ಧದ ಚಿತ್ರ, ವರ್ಷದ ಗುರುತು ಮೂರೂ ಅಳಿಸಿಹೋಗುತ್ತವೆ.