ಮೋಹಾವೆ ರ‍್ಯಾಟಲ್‌ಸ್ನೇಕ್ ಎಲ್ಲಿಯದಾದರೇನು, ಒಂದೇ ಅಲ್ಲವೇ? ಮನೆಯಲ್ಲಿ ಸಾಕಬಹುದೇ?

ಒಂದೇ ಅಲ್ಲ. ಅಮೆರಿಕದ ಅರಿಜೋನಾಕ್ಕೆ ಬಂದ ಹೊಸದರಲ್ಲಿ ನಾನೂ ನಿಮ್ಮ ಹಾಗೇ ಅಂದುಕೊಂಡಿದ್ದೆ. ಮೋಹಾವೆ ಅಂದರೆ ಬಾಲದ ಗಿಲಕಿ ಆಡಿಸುವ ವಿಷದ ಹಾವು; ಅದರ ವಿಷ ಬಹಳ ಕಡೆ ನರಗಳಿಗೆ ಹೊಡೆಯುತ್ತದೆ, ಉಸಿರಾಟಕ್ಕೇ ಕುತ್ತು. ಇದನ್ನು 'ಎ' ವಿಷ ಅನ್ನುತ್ತಾರೆ. ಫೀನಿಕ್ಸ್ ಮತ್ತು ಟೂಸಾನ್ ನಡುವಿನ ಸೀಮೆಯ ಹಾವುಗಳಲ್ಲಿ ಸಾಮಾನ್ಯವಾಗಿ ಆ ನರವಿಷ ಇರುವುದಿಲ್ಲ. ಅಲ್ಲಿಯದು 'ಬಿ': ರಕ್ತಸ್ರಾವ, ಊತ, ಮಾಂಸ ಕೊಳೆಯುವುದು. ಎರಡೂ ಸೀಮೆ ಕೂಡುವ ಕಡೆ ಎರಡೂ ಬಗೆಯ ವಿಷ ಇರುವ ಹಾವುಗಳೂ ಉಂಟು. ನೋಡಲು ಎಲ್ಲವೂ ಒಂದೇ. ಇದು ವಂಶದಲ್ಲಿ ಬಂದ ಗುಣ, ಗಾಜಿನ ಪೆಟ್ಟಿಗೆಯಲ್ಲಿ ಹತ್ತು ವರ್ಷ ಇಲಿ ತಿನ್ನಿಸಿದರೂ 'ಎ' ಹೋಗಿ 'ಬಿ' ಆಗುವುದಿಲ್ಲ.

ನಮ್ಮೂರ ಕೊಳಕುಮಂಡಲದ ಕತೆಯೂ ಹೀಗೇ. ಭಾರತದಲ್ಲಿ ಹಾವು ಕಡಿತದ ಔಷಧಿಯನ್ನು ಹಾವಿನ ವಿಷದಿಂದಲೇ ಮಾಡುತ್ತಾರೆ, ಅದಕ್ಕೆ ಬೇಕಾದ ವಿಷ ಬಹುಪಾಲು ಚೆನ್ನೈ ಹತ್ತಿರದ ಇರುಳರ ಸಹಕಾರ ಸಂಘದಿಂದ ಬರುತ್ತದೆ. ದೂರದ ರಾಜ್ಯದ ಕೊಳಕುಮಂಡಲ ಕಚ್ಚಿದಾಗ ಆ ಔಷಧಿ ಅಷ್ಟಾಗಿ ಹಿಡಿಯದಿರುವುದುಂಟು.

ಬಣ್ಣದ್ದು ಇನ್ನೂ ಸೊಗಸು. ಸ್ಪೆಕಲ್ಡ್ ರ‍್ಯಾಟಲ್‌ಸ್ನೇಕ್ ಎಂಬ ಇನ್ನೊಂದು ಜಾತಿಯ ಹಾವು ತಾನಿರುವ ಬಂಡೆಯ ಬಣ್ಣವೇ: ಒಂದು ಗುಡ್ಡದಲ್ಲಿ ಬೂದಿಬಿಳಿ, ಇನ್ನೊಂದರಲ್ಲಿ ಇಟ್ಟಿಗೆಗೆಂಪು. ಸಾಕುವವರು ಇಂಥದ್ದಕ್ಕೇ ಆಸೆಪಡುತ್ತಾರೆ, ಒಪ್ಪುತ್ತೇನೆ.

ಇನ್ನು ಸಾಕುವ ಮಾತು. ನನ್ನ ಪರಿಚಯದವರೊಬ್ಬರಿಗೆ ಯಾರೋ ಒಂದು ಮೋಹಾವೆ ಕೊಟ್ಟುಹೋದರು. ಎಲ್ಲಿ ಹಿಡಿದದ್ದು ಅಂದರೆ ಉತ್ತರವಿಲ್ಲ. ಕಚ್ಚಿದರೆ ಆಸ್ಪತ್ರೆಯಲ್ಲಿ ಏನು ಹೇಳುವುದು? ಕ್ರೋಫ್ಯಾಬ್ ಎಂಬ ವಿಷನಿವಾರಕ ಔಷಧಿ ಇದೆ ನಿಜ, ಅದರ ತಯಾರಿಕೆಗೆ ಬಳಸುವ ನಾಲ್ಕು ವಿಷಗಳಲ್ಲಿ ಮೋಹಾವೆಯದೂ ಒಂದು. ಆದರೆ ಅದರ ಒಂದೊಂದು ಸಣ್ಣ ಸೀಸೆಗೆ ಸಾವಿರಾರು ಡಾಲರ್, ಶುರುವಿಗೇ ನಾಲ್ಕಾರು ಬೇಕು. ಪೆಟ್ಟಿಗೆಗೆ ಬೀಗ, ಕೊಕ್ಕೆಕೋಲು, ಹಾವಿನ ತಲೆ ತೂರಿಸುವ ಪ್ಲಾಸ್ಟಿಕ್ ಕೊಳವೆ ಇವೆಲ್ಲ ದುಡ್ಡು ಕೊಟ್ಟರೆ ಸಿಗುತ್ತವೆ. ಇಪ್ಪತ್ತು ವರ್ಷ ಬದುಕಬಲ್ಲ ಹಾವು ಅದು. ಅಷ್ಟು ವರ್ಷ ಒಂದು ದಿನವೂ ಮೈಮರೆಯದಿರುವುದು ನಿಮ್ಮಿಂದಾಗುತ್ತದೆಯೇ? ನನ್ನಿಂದ ಆಗದು. ಬೇಸರ ಬಂತೆಂದು ಕಾಡಿಗೆ ಬಿಡುವಂತೆಯೂ ಇಲ್ಲ, ಪೆಟ್ಟಿಗೆಯ ರೋಗ ಕಾಡಿನ ಹಾವುಗಳಿಗೆ ಅಂಟಬಹುದು. ಕೆಲವು ಜಾತಿಗಳನ್ನು ಹಿಡಿಯುವುದು ಇಲ್ಲಿ ಕಾನೂನುಬಾಹಿರವೂ ಹೌದು.

ನೋಡುವ ಆಸೆಯಷ್ಟೇ ಇದ್ದರೆ ಜುಲೈ, ಆಗಸ್ಟ್‌ನ ಮಳೆ ಬಂದ ಸಂಜೆ ಊರಾಚೆಯ ರಸ್ತೆಯಲ್ಲಿ ನಿಧಾನವಾಗಿ ಕಾರು ಓಡಿಸಿ. ಟಾರಿನ ಬಿಸಿಗೆ ಅವೇ ಬಂದು ಮಲಗಿರುತ್ತವೆ. ಬಾಗಿಲು ತೆಗೆಯಬೇಡಿ.