ತೊಗರಿ ಬೇರಿನಿಂದ ಶುರು ಮಾಡಿ

ನಮಸ್ಕಾರ.

ಮೈಟೊಕಾಂಡ್ರಿಯದ ಉಸಿರಾಟದ ಕಿಣ್ವಗಳು ಬ್ಯಾಕ್ಟೀರಿಯಾದಿಂದ ಬಂದ ಕಥೆ ಎಂದು ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ತೆಗೆದುಬಿಡಿ. ‘ಮೈಟೊಕಾಂಡ್ರಿಯ ಜೀವಕೋಶದ ಶಕ್ತಿಕೇಂದ್ರ’ ಅನ್ನೋದು ಹತ್ತನೇ ಕ್ಲಾಸಿನ ಗೈಡಿನಲ್ಲೇ ಇದೆ. ಮೈಟೊಕಾಂಡ್ರಿಯ ಒಂದು ಕಾಲದಲ್ಲಿ ಸ್ವತಂತ್ರ ಬ್ಯಾಕ್ಟೀರಿಯಾ ಆಗಿತ್ತು ಎಂದು ವಾದಿಸಿದ ಜೀವವಿಜ್ಞಾನಿ ಲಿನ್ ಮಾರ್ಗುಲಿಸ್ ಅವರ 1967ರ ಪ್ರಬಂಧವನ್ನು ಹದಿನೈದರಷ್ಟು ಪತ್ರಿಕೆಗಳು ವಾಪಸ್ ಮಾಡಿದ್ದವು ಅಂತ ಎರಡು ಕಡೆ ಬರೆದಿದ್ದೀರಿ. ಅದು ಓದುಗರಿಗೋ, ನನಗೋ?

ನಿಜವಾದ ಕಥೆ ಮೂರನೇ ಪುಟದ ತಳದಲ್ಲಿ ಕೂತಿದೆ. 1975ರಲ್ಲಿ ಜಾನ್ ಮತ್ತು ವಾಟ್ಲಿ ಎಂಬಿಬ್ಬರು, ಪ್ಯಾರಾಕಾಕಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಉಸಿರಾಟದ ಸರಪಳಿ (ಎಲೆಕ್ಟ್ರಾನ್‌ಗಳನ್ನು ಕೈಯಿಂದ ಕೈಗೆ ದಾಟಿಸಿ ಕೊನೆಗೆ ಆಮ್ಲಜನಕಕ್ಕೆ ಕೊಡುವ ಕಿಣ್ವಗಳ ಸಾಲು) ಮೈಟೊಕಾಂಡ್ರಿಯದ ಸರಪಳಿಗೆ ಎಷ್ಟು ಹತ್ತಿರ ಅಂತ ತೋರಿಸಿದರು. ಇದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಲ್ಲ! ಸರಪಳಿಯ ಕೊನೆಯ ಕಿಣ್ವ ಸೈಟೊಕ್ರೋಮ್ ಆಕ್ಸಿಡೇಸ್. ನಾವು ಎಳೆದುಕೊಂಡ ಆಮ್ಲಜನಕ ನೀರಾಗುವುದು ಅಲ್ಲಿ, ಕಬ್ಬಿಣ ಮತ್ತು ತಾಮ್ರದ ನಡುವೆ. ಪ್ಯಾರಾಕಾಕಸ್‌ನಲ್ಲಿ ಅದರ ಮುಖ್ಯ ಪ್ರೋಟೀನ್ ತುಂಡುಗಳು ಮೂರು. ನಮ್ಮಲ್ಲೂ ಅದೇ ಮೂರು, ಅವುಗಳ ಜೀನ್‌ಗಳು ಇವತ್ತಿಗೂ ಮೈಟೊಕಾಂಡ್ರಿಯದ ಒಳಗೇ ಇವೆ. ಸುತ್ತ ಇನ್ನೊಂದು ಹತ್ತು ತುಂಡು ಆಮೇಲೆ ಸೇರಿಕೊಂಡಿವೆ. ಅಜ್ಜ ಕಟ್ಟಿಸಿದ ಮೂರಂಕಣದ ಮನೆಗೆ ಮೊಮ್ಮಕ್ಕಳು ಹಿಂದೆ ಮುಂದೆ ಖೋಲಿ ಇಳಿಸಿದ ಹಾಗೆ.

ಹಾಗಾಗಿ ‘ಕಿಣ್ವಗಳೆಲ್ಲ ಇಡಿಯಾಗಿ ಬ್ಯಾಕ್ಟೀರಿಯಾದವು’ ಅನ್ನುವ ನಿಮ್ಮ ಮಾತು ತಪ್ಪು. ಸರಪಳಿಯ ಮೊದಲ ಕಿಣ್ವವನ್ನೇ ನೋಡಿ: ಬ್ಯಾಕ್ಟೀರಿಯಾದಲ್ಲಿ ಸಾಮಾನ್ಯವಾಗಿ 14 ತುಂಡು, ನಮ್ಮಲ್ಲಿ ಸುಮಾರು 45.

ಇನ್ನೊಂದು. ‘ರಿಕೆಟ್ಸಿಯಾ ನಮ್ಮ ಮೈಟೊಕಾಂಡ್ರಿಯದ ಪೂರ್ವಜ’ ಅಂದಿದ್ದೀರಿ. ಅದು ಇವತ್ತು ಬದುಕಿರುವ, ಟೈಫಸ್ ಜ್ವರ ತರುವ ಜೀವಿ. ಸಂಬಂಧಿ, ಅಷ್ಟೇ. ಕಾಕಾನ ಮಗನನ್ನು ಯಾರಾದರೂ ಮುತ್ಯಾ ಅಂತಾರಾ? ಇವೆರಡರ ನಂಟು ಆಲ್ಫಾಪ್ರೋಟಿಯೋಬ್ಯಾಕ್ಟೀರಿಯಾ ಎಂಬ ದೊಡ್ಡ ಬ್ಯಾಕ್ಟೀರಿಯಾ ಬಳಗದ್ದು; ಮೈಟೊಕಾಂಡ್ರಿಯ ಆ ಬಳಗದ ಯಾವ ಕೊಂಬೆಯದು ಎಂಬ ಚರ್ಚೆ ಇನ್ನೂ ನಡೆದಿದೆ. ಅದನ್ನೂ ಹೇಳಿ.

ಈಗ ನನ್ನ ದೊಡ್ಡ ತಕರಾರು. ಸೇಡಂ ಹತ್ತಿರ ನಿಮ್ಮದು ತೊಗರಿ ಹೊಲ ಅಂತ ಜೊತೆಗಿಟ್ಟ ಪತ್ರದಲ್ಲಿದೆ. ಲೇಖನದಲ್ಲಿ ಅದರ ಸುಳಿವೇ ಇಲ್ಲ. ಬಿತ್ತುವ ಮುಂಚೆ ಅಪ್ಪ ಬೆಲ್ಲದ ಪಾಕದಲ್ಲಿ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾದ ಪುಡಿ ಕಲಸಿ, ಬೀಜಕ್ಕೆ ಹಚ್ಚಿ, ನೆರಳಲ್ಲಿ ಒಣಗಿಸಿದ್ದನ್ನು ನೋಡಿರುತ್ತೀರಿ ಅಲ್ವಾ? ಆ ರೈಜೋಬಿಯಂ ಕೂಡ ಅದೇ ಆಲ್ಫಾಪ್ರೋಟಿಯೋಬ್ಯಾಕ್ಟೀರಿಯಾ ಬಳಗದ್ದು. ಬೇರಿನ ಗಂಟಿನಲ್ಲಿ, ಗಿಡದ ಜೀವಕೋಶದ ಒಳಗೇ ಕೂತು ಉಸಿರಾಡುತ್ತದೆ. ಸಾರಜನಕ ಹಿಡಿಯುವ ಅದರ ಕಿಣ್ವ ಆಮ್ಲಜನಕ ತಾಗಿದರೆ ಕೆಡುತ್ತದೆ. ಅದಕ್ಕೇ ಗಂಟಿನೊಳಗೆ ಆಮ್ಲಜನಕ ತೀರಾ ಕಡಿಮೆ. ಆ ಅಷ್ಟರಲ್ಲೇ ಕೆಲಸ ಸಾಗಿಸುವ ಬೇರೆ ಆಕ್ಸಿಡೇಸ್ ಅದಕ್ಕಿದೆ, ನಮ್ಮ ಆಕ್ಸಿಡೇಸ್‌ನ ಮನೆತನದ್ದೇ. ಇದಕ್ಕಿಂತ ಒಳ್ಳೆ ಆರಂಭ ಎಲ್ಲಿ ಸಿಗುತ್ತೆ? ಸುಮ್ನೆ ಉತ್ಸಾಹದಲ್ಲಿ ‘ರೈಜೋಬಿಯಂ ಮೈಟೊಕಾಂಡ್ರಿಯ ಆಗುತ್ತಿದೆ’ ಅಂತ ಮಾತ್ರ ಬರೆಯಬೇಡಿ.

ಶ್ರಾವಣಕ್ಕೆ ಊರಿಗೆ ಹೋದಾಗ ಒಂದು ಗಿಡವನ್ನು ಕೀಳದೆ ಮಣ್ಣು ಸಮೇತ ಅಗೆದು ತೆಗೆಯಿರಿ. ಎರೆ ಮಣ್ಣಿನಲ್ಲಿ ಗಿಡ ಜಗ್ಗಿದರೆ ಗಂಟುಗಳು ಅಲ್ಲೇ ಉಳಿದುಬಿಡುತ್ತವೆ. ಒಂದು ಗಂಟನ್ನು ಬ್ಲೇಡಿನಿಂದ ಸೀಳಿ. ಒಳಗೆ ಕೆಂಪಗಿದ್ದರೆ ಅದು ಕೆಲಸ ಮಾಡುತ್ತಿದೆ ಅಂತ. ಅದರ ಫೋಟೊ ತೆಗೆದು, 800 ಪದ ಮೀರದ ಹೊಸ ಪ್ರತಿಯ ಜೊತೆ ಕಳಿಸಿ.